ಖಡಕ್ ರೊಟ್ಟಿಯಲ್ಲಿ ಏನಿದೆ, ಏನಿಲ್ಲ?

ಹೊಲದಲ್ಲಿ ಬೆಳೆದ ಬಿಳಿಜೋಳ ಮಾರಿ, ಸಂಜೆ ಅದೇ ದುಡ್ಡಲ್ಲಿ ಮಕ್ಕಳಿಗೆ ಚಿಪ್ಸ್ ಪ್ಯಾಕೆಟ್ ತರೋದು ಈಗ ಮಾಮೂಲು. ಅಡುಗೆಮನೆ ಬುಟ್ಟಿಯಲ್ಲಿ ಖಡಕ್ ರೊಟ್ಟಿ ಇದ್ರೂ ಅಷ್ಟೇ. ಎರಡೂ ಕರುಂಕುರುಂ ಅಂತಾವೆ, ಆದರೆ ಒಳಗಿರೋದು ಬೇರೆ.

100 ಗ್ರಾಂ ಆಲೂ ಚಿಪ್ಸ್‌ನಲ್ಲಿ 30 ಗ್ರಾಂಗೂ ಹೆಚ್ಚು ಎಣ್ಣೆ ಇರುತ್ತೆ. ಖಡಕ್ ರೊಟ್ಟಿಯನ್ನು ಕರಿಯಲ್ಲ, ಹಂಚಿನ ಮೇಲೆ ಬೇಯಿಸಿ ಒಣಗಿಸ್ತಾರೆ. ಹಾಗಾಗಿ ಕಾಳಲ್ಲಿ ಇದ್ದ ಕೊಬ್ಬು ಮಾತ್ರ: ಜೋಳದಲ್ಲಿ 100 ಗ್ರಾಂಗೆ ಸುಮಾರು 2 ಗ್ರಾಂ, ಸಜ್ಜೆಯಲ್ಲಿ 5 ಗ್ರಾಂ. ಪ್ರೋಟೀನ್ ಎರಡರಲ್ಲೂ 10–11 ಗ್ರಾಂ, ನಾರೂ ಹೆಚ್ಚುಕಮ್ಮಿ ಅಷ್ಟೇ. ಕಬ್ಬಿಣದಲ್ಲಿ ಸಜ್ಜೆಯದೇ ಮೇಲುಗೈ: ಜೋಳದಲ್ಲಿ ಸುಮಾರು 4 ಮಿಲಿಗ್ರಾಂ, ಸಜ್ಜೆಯಲ್ಲಿ 6. ಹಿಟ್ಟನ್ನು ಸಣ್ಣ ಜರಡಿ ಹಿಡಿದು ತೌಡು ಚೆಲ್ಲಿದರೆ ನಾರು ಅದರ ಜೊತೆಗೇ ಹೋಯ್ತು.

ಒಂದು ಕಡೆ ಬಹಳ ಜನ ಎಡವುತ್ತಾರೆ. 'ಒಣಗಿಸಿದ್ರೆ ಶಕ್ತಿ ಜಾಸ್ತಿ' ಅನ್ನೋದು ತಪ್ಪು. ಒಣಗಿದಾಗ ನೀರು ಹೋಗಿ ತೂಕ ಇಳಿಯುತ್ತೆ, ಅದಕ್ಕೇ 100 ಗ್ರಾಂ ಲೆಕ್ಕದಲ್ಲಿ ಅಂಕಿ ದೊಡ್ಡದಾಗಿ ಕಾಣುತ್ತೆ. 30 ಗ್ರಾಂ ಹಿಟ್ಟಿನ ರೊಟ್ಟಿ ಮೆತ್ತಗಿರಲಿ, ಖಡಕ್ ಇರಲಿ, ಸಿಗೋದು ಅದೇ 100 ಕ್ಯಾಲೊರಿ, 3 ಗ್ರಾಂ ಪ್ರೋಟೀನ್. ಖಡಕ್ ಹಗುರ ಅಂತ ಮಾತಾಡ್ತಾ ನಾಲ್ಕು ಮುಗಿಸಿರ್ತೀವಿ! ಸಕ್ಕರೆ ಕಾಯಿಲೆ ಇರೋರು ರೊಟ್ಟಿ ಎಣಿಸಿಯೇ ತಿನ್ನಬೇಕು.

ಜೋಳ, ಸಜ್ಜೆ ಎರಡರ ಪ್ರೋಟೀನ್‌ನಲ್ಲೂ ಲೈಸಿನ್ ಕಡಿಮೆ. ಶೇಂಗಾ ಚಟ್ನಿ ರುಚಿಗೆ ಸರಿ, ಆದರೆ ಶೇಂಗಾದಲ್ಲೂ ಲೈಸಿನ್ ಅಷ್ಟಾಗಿ ಇಲ್ಲ. ಈ ಕೊರತೆ ತುಂಬೋದು ಹೆಸರುಕಾಳು ಅಥವಾ ಮಡಿಕೆಕಾಳಿನ ಪಲ್ಯ, ಗಟ್ಟಿ ಮೊಸರು. ಧಾನ್ಯದ ಕಬ್ಬಿಣ ಮೈಗೆ ಹತ್ತೋದೂ ಕಷ್ಟ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಅದರಲ್ಲಿರೋ ಸಿ ವಿಟಮಿನ್ ನೆರವಾಗುತ್ತೆ. ಊಟ ಆದ ತಕ್ಷಣ ಚಹಾ ಕುಡಿದರೆ ಆ ಲಾಭವೂ ಹೋಗುತ್ತೆ.

ಮಾರೋ ಯೋಚನೆ ಇದ್ರೆ ಮಾಲದಂಡಿ ಜೋಳ ತಗೊಳ್ಳಿ, ರೊಟ್ಟಿ ಬೆಳ್ಳಗೆ, ರುಚಿಯಾಗಿ ಬರುತ್ತೆ. ಸಜ್ಜೆ ಹಿಟ್ಟು ಕೊಬ್ಬಿನ ಕಾರಣಕ್ಕೆ ಬೇಗ ಕಹಿಯಾಗುತ್ತೆ. ನಾಲ್ಕೈದು ದಿನಕ್ಕಾಗುವಷ್ಟೇ ಬೀಸಿಸಿ. ರೊಟ್ಟಿ ಪೂರ್ತಿ ಆರಿದ ಮೇಲೇ ಪ್ಯಾಕ್ ಮಾಡಿ, ಬಿಸಿ ಇದ್ದಾಗ ಕಟ್ಟಿದರೆ ಒಳಗೆ ಬೆವರಿ ಮೆತ್ತಗಾಗುತ್ತೆ, ಬೂಸ್ಟು ಹಿಡಿಯುತ್ತೆ. ಲೇಬಲ್ ಮೇಲಿನ ಪೋಷಕಾಂಶದ ಅಂಕಿಗಳನ್ನ ಮೊಬೈಲ್‌ನಲ್ಲಿ ನೋಡಿ ನಕಲು ಹೊಡೀಬೇಡಿ, ನಿಮ್ಮ ರೊಟ್ಟಿಯನ್ನೇ ಲ್ಯಾಬ್‌ಗೆ ಕೊಟ್ಟು ಪರೀಕ್ಷೆ ಮಾಡಿಸಿ. 'ಸಕ್ಕರೆ ಕಾಯಿಲೆ ವಾಸಿ ಮಾಡುತ್ತೆ' ಅಂತಂತೂ ಬರೆಯಲೇಬೇಡಿ, ಅದಕ್ಕೆ ಕಾನೂನು ಒಪ್ಪಲ್ಲ.