ಉದ್ಯಮ ನಾಯಕರಿಗೆ ತರಬೇತುಗಾರ: ಬಿಲ್ ಕ್ಯಾಂಬೆಲ್ಲರ ನಿದರ್ಶನ

‘ಕೋಚಿಂಗ್’ ಎಂಬ ಮಾತು ಕನ್ನಡ ನಾಡಿನ ಪಟ್ಟಣಗಳಲ್ಲಿ ಕಿವಿಗೆ ಬಿದ್ದೊಡನೆ ನೆನಪಾಗುವುದು ಪರೀಕ್ಷೆಯ ಮನೆಪಾಠ, ಇಲ್ಲವೇ ಆಟದ ಮೈದಾನ. ಮೂಲದಲ್ಲಿ ಅದು ಒಂದು ಗಾಡಿಯ ಹೆಸರು. ಹಂಗೇರಿ ದೇಶದ ಕೋಚ್ ಎಂಬ ಹಳ್ಳಿಯಲ್ಲಿ 15ನೆಯ ಶತಮಾನದಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಗೆ ಊರಿನ ಹೆಸರೇ ಅಂಟಿಕೊಂಡು, ಅದು ಯುರೋಪಿನ ಅನೇಕ ಭಾಷೆಗಳಿಗೆ ಹರಡಿತು. 1830ರ ದಶಕದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ತಮ್ಮನ್ನು ಹೊತ್ತು ಪರೀಕ್ಷೆಯನ್ನು ದಾಟಿಸುವ ಖಾಸಗಿ ಅಧ್ಯಾಪಕನನ್ನು ವಿನೋದಕ್ಕಾಗಿ ಅದೇ ಹೆಸರಿನಿಂದ ಕರೆಯತೊಡಗಿದರು. ಅಲ್ಲಿಂದ ಆಟದ ಬಯಲಿಗೂ, ಆಟದ ಬಯಲಿನಿಂದ ವ್ಯಾಪಾರೋದ್ಯಮದ ಕಚೇರಿಗೂ ಆ ಪದ ನಡೆದುಬಂದಿದೆ.

ಸಹಸ್ರಾರು ನೌಕರರುಳ್ಳ ಸಂಸ್ಥೆಯ ಮುಖ್ಯಾಧಿಕಾರಿಗೆ, ತನ್ನ ವೃತ್ತಿಯಲ್ಲಿ ಪಳಗಿಯೇ ಆ ಪದವಿಗೇರಿದವನಿಗೆ, ಇನ್ನಾವ ತರಬೇತಿ ಬೇಕೆಂಬ ಪ್ರಶ್ನೆ ಸಹಜವಾದುದೇ. ಆದರೆ ಪದವಿ ಏರಿದಂತೆಲ್ಲ ಮನುಷ್ಯನಿಗೆ ನಿಜ ಹೇಳುವವರು ಕಡಿಮೆಯಾಗುತ್ತ ಹೋಗುತ್ತಾರೆ. ಕೈಕೆಳಗಿನವರಿಗೆ ಅಂಜಿಕೆ, ಅದರೊಡನೆ ಬಡ್ತಿಯ ಆಸೆ. ಸಮಾನರಾದವರು ಬಹುಮಟ್ಟಿಗೆ ಸ್ಪರ್ಧಿಗಳು. ನಿರ್ದೇಶಕ ಮಂಡಳಿಗೆ ಬೇಕಾದುದು ಲಾಭನಷ್ಟದ ಲೆಕ್ಕ. ಇಂಥವನ ಒಂದು ದುಡುಕಿನಿಂದ, ಒಂದು ಹುಸಿ ಅಭಿಮಾನದಿಂದ, ಏನೂ ಅರಿಯದ ನೂರಾರು ಮನೆಗಳ ಒಲೆ ಆರಬಹುದು. ಹಿಂದೆ ಕುಟುಂಬದ ಅಂಗಡಿಗಳಲ್ಲಿ ಯಜಮಾನನ ಮುಖ ನೋಡದೆ ಮಾತನಾಡಬಲ್ಲ ಹಿರಿಯ ಗುಮಾಸ್ತನೊಬ್ಬ ಇರುತ್ತಿದ್ದುದುಂಟು. ಸಂಬಳದ ಅಧಿಕಾರಿಗಳಿಂದಲೇ ತುಂಬಿದ ದೊಡ್ಡ ಕಂಪನಿಯಲ್ಲಿ ಆ ಸ್ಥಾನ ಬರಿದಾಗಿದೆ.

ಆ ಬರಿದಾದ ಸ್ಥಾನವನ್ನು ತುಂಬುವ ವಿದ್ಯೆಗೆ ಆಧುನಿಕ ರೂಪ ಬಂದದ್ದು ಟೆನಿಸ್ ಅಂಗಳದಿಂದ. ಅಮೆರಿಕದ ಟೆನಿಸ್ ಶಿಕ್ಷಕ ತಿಮೋತಿ ಗ್ಯಾಲ್ವೆ, ತಾನು ಸೂಚನೆಗಳನ್ನು ಕಡಿಮೆ ಮಾಡಿದಷ್ಟೂ ಶಿಷ್ಯರು ಚೆನ್ನಾಗಿ ಆಡುವುದನ್ನು ಕಂಡುಕೊಂಡು, 1974ರಲ್ಲಿ ಆ ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ತೋಳನ್ನು ಹೀಗೆ ತಿರುಗಿಸು, ಕಾಲನ್ನು ಹಾಗೆ ಇಡು ಎಂದು ಹೇಳುವುದನ್ನು ಬಿಟ್ಟು, ಚೆಂಡು ನೆಲಕ್ಕೆ ತಾಗಿದ ಕ್ಷಣವನ್ನೂ ಬ್ಯಾಟಿಗೆ ತಾಗಿದ ಕ್ಷಣವನ್ನೂ ಗಮನಿಸಿ ಬಾಯಿಬಿಟ್ಟು ಹೇಳುವಂತೆ ಅವರು ಶಿಷ್ಯನಿಗೆ ತಿಳಿಸುತ್ತಿದ್ದರು. ಗಮನ ಹರಿತವಾದೊಡನೆ ಕೈ ತಾನಾಗಿ ತಿದ್ದಿಕೊಳ್ಳುತ್ತಿತ್ತು. ಮೋಟಾರು ಪಂದ್ಯಗಳಲ್ಲಿ ಹೆಸರು ಮಾಡಿದ್ದ ಇಂಗ್ಲೆಂಡಿನ ಜಾನ್ ವಿಟ್ಮೋರ್ ಇದನ್ನು ಉದ್ಯಮಕ್ಕೆ ಅಳವಡಿಸಿದರು. 1992ರ ಅವರ ಗ್ರಂಥದಿಂದ ಪ್ರಚಾರಕ್ಕೆ ಬಂದ ಕ್ರಮದಲ್ಲಿ ಗುರಿ, ವಾಸ್ತವ, ಆಯ್ಕೆ, ಸಂಕಲ್ಪ ಎಂಬ ನಾಲ್ಕು ಮೆಟ್ಟಿಲುಗಳಿವೆ. ಪ್ರತಿಯೊಂದರಲ್ಲೂ ತರಬೇತುಗಾರನು ಕೇಳುತ್ತಾನೆ, ಉತ್ತರಿಸಬೇಕಾದವನು ಅಧಿಕಾರಿಯೇ. ಸಲಹೆಗಾರನಿಗೂ ಇವನಿಗೂ ಇರುವ ಅಂತರ ಇದು. ಸಲಹೆಗಾರನು ವರದಿ ಬರೆದುಕೊಟ್ಟು ಹೋಗುತ್ತಾನೆ.

ಈ ಕ್ಷೇತ್ರದಲ್ಲಿ ಅಮೆರಿಕದ ಬಿಲ್ ಕ್ಯಾಂಬೆಲ್ಲರ ಜೀವನ ವಿಶೇಷ ಅಧ್ಯಯನಕ್ಕೆ ಯೋಗ್ಯವಾದುದು. ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಹುಟ್ಟಿದ ಅವರು ವ್ಯಾಯಾಮ ಶಿಕ್ಷಕರೊಬ್ಬರ ಮಗ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, 1974ರಿಂದ 1979ರವರೆಗೆ ಅಲ್ಲಿಯ ಫುಟ್ಬಾಲ್ ತಂಡದ ತರಬೇತುಗಾರರಾಗಿದ್ದರು. ಆರು ವರ್ಷಗಳಲ್ಲಿ ಆ ತಂಡ ಗೆದ್ದ ಪಂದ್ಯಗಳು 12, ಸೋತವು 41. ಆಟಗಾರರ ಮೇಲಿನ ಮರುಕವೇ ತಮಗೆ ಅಡ್ಡಿಯಾಯಿತೆಂದು ಅವರು ಭಾವಿಸಿದ್ದರು. ಬಳಿಕ ವ್ಯಾಪಾರಕ್ಕಿಳಿದು 1983ರಲ್ಲಿ ಆಪಲ್ ಕಂಪನಿಯನ್ನು ಸೇರಿದರು. ಮುಂದೆ ಅವರು ನಡೆಸಿದ ಗೋ ಕಾರ್ಪೊರೇಷನ್, ಲೇಖನಿಯಿಂದ ಬರೆಯಬಲ್ಲ ಕಂಪ್ಯೂಟರನ್ನು ರೂಪಿಸಲು ಹೊರಟು ನೆಲೆಗಾಣದೆ ಹೋಯಿತು. 1994ರಿಂದ 1998ರವರೆಗೆ ಇಂಟ್ಯೂಟ್ ಸಂಸ್ಥೆಯ ಮುಖ್ಯಾಧಿಕಾರಿಯಾಗಿ ಮಾತ್ರ ಯಶಸ್ಸು ಕಂಡರು. ಸೋಲಿನ ರುಚಿ ಅರಿಯದವನು ಈ ಕೆಲಸಕ್ಕೆ ಅಷ್ಟಾಗಿ ಒದಗಲಾರನೆಂದರೆ ಅತಿಶಯೋಕ್ತಿಯಾಗದು.

2001ರಲ್ಲಿ ಎರಿಕ್ ಸ್ಮಿತ್ ಗೂಗಲ್ ಸಂಸ್ಥೆಯ ಮುಖ್ಯಾಧಿಕಾರಿಯಾಗಿ ಬಂದರು. ಕ್ಯಾಂಬೆಲ್ಲರ ನೆರವು ಪಡೆಯುವಂತೆ ಹೂಡಿಕೆದಾರ ಜಾನ್ ಡೋರ್ ಸೂಚಿಸಿದಾಗ ಸ್ಮಿತ್ತರಿಗೆ ಅದು ಹಿಡಿಸಲಿಲ್ಲ. ತಮ್ಮಲ್ಲಿ ಏನೋ ಕೊರತೆ ಕಂಡಿರಬೇಕೆಂದು ಶಂಕಿಸಿದರು. ಸ್ವಲ್ಪ ಕಾಲದಲ್ಲಿಯೇ ಅಭಿಪ್ರಾಯ ಬದಲಾಯಿತು. ಕ್ಯಾಂಬೆಲ್ ಕೋಣೆಯಲ್ಲಿ ಉಪದೇಶಿಸಿ ಹೊರಡುವವರಲ್ಲ. ಅಧಿಕಾರಿಗಳ ಸಭೆಗೇ ಬಂದು ಕುಳಿತು, ಯಾರು ಮೌನವಾಗಿದ್ದಾರೆ, ಯಾರ ನಡುವೆ ಮನಸ್ತಾಪ ಹೊಗೆಯಾಡುತ್ತಿದೆ ಎಂಬುದನ್ನು ನೋಡುತ್ತಿದ್ದರು. ಮಾತು ಒರಟು, ಬೈಯಲೂ ಹಿಂಜರಿಯುತ್ತಿರಲಿಲ್ಲ, ಬಾಚಿ ತಬ್ಬಲೂ ಹಿಂಜರಿಯುತ್ತಿರಲಿಲ್ಲ.

2004ರಲ್ಲಿ ಗೂಗಲ್ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರಲು ಸಿದ್ಧವಾಗುತ್ತಿದ್ದ ಹೊತ್ತಿನಲ್ಲಿ, ಮುಖ್ಯಾಧಿಕಾರಿಯಾಗಿಯೇ ಉಳಿದು ಮಂಡಳಿಯ ಅಧ್ಯಕ್ಷತೆಯನ್ನು ಬಿಟ್ಟುಕೊಡುವಂತೆ ಸ್ಮಿತ್ತರಿಗೆ ಸೂಚನೆ ಬಂದಿತು. ಅವರಿಗೆ ತೀವ್ರವಾಗಿ ನೋವಾಯಿತು. ಸಂಸ್ಥೆಯನ್ನೇ ತೊರೆಯುವ ಯೋಚನೆ ಮಾಡಿದರು. ಆ ಘಳಿಗೆಯಲ್ಲಿ ಮುಖ್ಯಾಧಿಕಾರಿ ಎದ್ದುಹೋಗಿದ್ದರೆ ಸಂಸ್ಥೆಯ ಮೇಲಿನ ನಂಬಿಕೆಗೆ ಎಂಥ ಪೆಟ್ಟು ಬೀಳುತ್ತಿತ್ತೆಂಬುದನ್ನು ಊಹಿಸಬಹುದು. ಕ್ಯಾಂಬೆಲ್ ಆ ನೋವನ್ನು ಅಲ್ಲಗಳೆಯಲಿಲ್ಲ. ಅಭಿಮಾನವನ್ನು ಬದಿಗಿಟ್ಟು ಈಗ ಒಪ್ಪಿಕೊಳ್ಳಬೇಕೆಂದೂ, ಅಧ್ಯಕ್ಷ ಪದವಿ ಮುಂದೆ ಮರಳಿ ದೊರೆಯುವಂತೆ ತಾನು ನೋಡಿಕೊಳ್ಳುವೆನೆಂದೂ ಮನವರಿಕೆ ಮಾಡಿಕೊಟ್ಟರು. ಸ್ಮಿತ್ ಉಳಿದರು; 2007ರಲ್ಲಿ ಅಧ್ಯಕ್ಷರೂ ಆದರು. ಇಲ್ಲಿ ಗಮನಿಸಬೇಕಾದುದು, ಸ್ಮಿತ್ತರಿಗೆ ಆಗ ಜ್ಞಾನದ ಕೊರತೆ ಇರಲಿಲ್ಲವೆಂಬುದು. ತಿಳಿದುದರಂತೆ ನಡೆಯಲು ಮನಸ್ಸು ಒಪ್ಪದ ಗಳಿಗೆಯಲ್ಲಿ, ಆ ನಿರ್ಣಯದಿಂದ ಸ್ವಂತಕ್ಕೆ ಲಾಭ ಬಯಸದ ಒಬ್ಬನು ಪಕ್ಕದಲ್ಲಿ ಬೇಕಿತ್ತು. 2009ರಲ್ಲಿ, ತಮಗೆ ದೊರೆತ ಶ್ರೇಷ್ಠ ಸಲಹೆ ಯಾವುದೆಂದು ಕೇಳಿದಾಗ, ತರಬೇತುಗಾರನನ್ನು ಇಟ್ಟುಕೊಳ್ಳೆಂಬ ಡೋರ್ ಅವರ ಮಾತನ್ನೇ ಸ್ಮಿತ್ ಹೆಸರಿಸಿದರು.

ಎಲ್ಲ ತರಬೇತುಗಾರರೂ ಕ್ಯಾಂಬೆಲ್ಲರಲ್ಲ. ಈ ವೃತ್ತಿಗೆ ವೈದ್ಯರಿಗೂ ವಕೀಲರಿಗೂ ಇರುವಂತೆ ಕಾನೂನಿನ ಪರವಾನಗಿ ಇಲ್ಲ. 1995ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕೋಚ್ ಒಕ್ಕೂಟವು ಅರ್ಹತಾಪತ್ರ ನೀಡುತ್ತದಾದರೂ, ಅದಿಲ್ಲದೆಯೂ ಯಾರು ಬೇಕಾದರೂ ಫಲಕ ಹಾಕಿಕೊಳ್ಳಬಹುದು. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಸಾಮಾನ್ಯವಾಗಿ ಶುಲ್ಕ ಕೊಡುವುದು ಕಂಪನಿ, ಮನಸ್ಸು ಬಿಚ್ಚುವುದು ಅಧಿಕಾರಿ. ಆಡಿದ ಮಾತು ಆಡಳಿತಕ್ಕೆ ತಲುಪುವುದೆಂಬ ಅನುಮಾನ ಒಮ್ಮೆ ಹುಟ್ಟಿತೆಂದರೆ ಮುಂದಿನ ಭೇಟಿಗಳೆಲ್ಲ ವ್ಯರ್ಥ. ಆದ್ದರಿಂದ ಗೋಪ್ಯದ ಗಡಿಯನ್ನು ಮೊದಲ ದಿನವೇ ಮೂವರೂ ಕೂಡಿ ನಿಶ್ಚಯಿಸಿಕೊಳ್ಳುವುದು ಅಗತ್ಯ. ತೀವ್ರ ಮನೋವ್ಯಾಕುಲವು ವೈದ್ಯರ ಪಾಲಿನದು. ಪ್ರಾಮಾಣಿಕನಾದ ತರಬೇತುಗಾರನು ಅಲ್ಲಿ ತಡೆದು ನಿಲ್ಲುತ್ತಾನೆ.

ಕ್ಯಾಂಬೆಲ್ಲರಿಗೆ ಈ ಶುಲ್ಕದ ತೊಡಕು ಅಷ್ಟಾಗಿ ಬಾಧಿಸಲಿಲ್ಲ. ಗೂಗಲ್ ಸಂಸ್ಥೆಗೆ ನೆರವಾಗಲು ಆರಂಭಿಸಿದಾಗ ಅವರು ಪ್ರತಿಫಲ ಬಯಸಲಿಲ್ಲ. ಸ್ಟೀವ್ ಜಾಬ್ಸ್ ಅವರೊಡನೆ ವಾರದ ಕೊನೆಯಲ್ಲಿ ನಡೆದಾಡುತ್ತ ಮಾತನಾಡುತ್ತಿದ್ದ ಇದೇ ವ್ಯಕ್ತಿ, ಕ್ಯಾಲಿಫೋರ್ನಿಯಾದ ಆಥರ್ಟನ್ ಊರಿನ ಸೇಕ್ರೆಡ್ ಹಾರ್ಟ್ ಶಾಲೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಫುಟ್ಬಾಲ್ ಕಲಿಸುತ್ತಿದ್ದರು. 2016ರ ಏಪ್ರಿಲ್ 18ರಂದು ಅವರು ತೀರಿಕೊಂಡಾಗ ಸ್ಮರಣ ಸಭೆ ಸೇರಿದ್ದು ಆ ಶಾಲೆಯ ಆಟದ ಬಯಲಿನಲ್ಲಿ. ಜಗದ್ವಿಖ್ಯಾತ ಕಂಪನಿಗಳ ಒಡೆಯರೂ ಅವರ ಕೈಯಲ್ಲಿ ಆಟ ಕಲಿತವರೂ ಅಲ್ಲಿ ಒಟ್ಟಿಗೆ ನೆರೆದಿದ್ದರು.