ಮರೆವಿಗೊಂದು ಪೆಟ್ಟಿಗೆ

ಮಕ್ಕಳೇ, ನಿನ್ನೆ ಕಲಿತ ಹತ್ತು ಇಂಗ್ಲಿಷ್ ಪದಗಳಲ್ಲಿ ಇಂದು ಎಷ್ಟು ನೆನಪಿವೆ? ಪುಸ್ತಕ ಮುಚ್ಚಿ ಹೇಳಿ ನೋಡೋಣ. ಮೂರೋ ನಾಲ್ಕೋ ಬಂದರೆ "ನಾನು ದಡ್ಡ" ಎಂದುಕೊಳ್ಳಬೇಡಿ. ಎಲ್ಲರ ಮಿದುಳೂ ಹೀಗೆಯೇ ಮರೆಯುತ್ತದೆ.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ ಈ ಮರೆವನ್ನು ಅಳೆದರು. ಪ್ರಯೋಗ ನಡೆದದ್ದು ಅವರ ಮೇಲೆಯೇ! ಅರ್ಥವಿಲ್ಲದ ಸುಮಾರು 2,300 ಅಕ್ಷರಗುಚ್ಛಗಳನ್ನು ತಯಾರಿಸಿ, ಅವುಗಳ ಪಟ್ಟಿಗಳನ್ನು ಬಾಯಿಪಾಠ ಮಾಡಿದರು. ಸ್ವಲ್ಪ ಕಾಲ ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಕಲಿತರು. ಎರಡನೆಯ ಸಲ ಎಷ್ಟು ಸಮಯ ಉಳಿಯಿತು ಎಂಬುದರಿಂದ ನೆನಪನ್ನು ಲೆಕ್ಕ ಹಾಕಿದರು. ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಳಿಸಿಹೋಗಿತ್ತು. ಆಮೇಲೆ ಮರೆಯುವ ವೇಗ ತಗ್ಗಿತು. 1885ರ ಅವರ ಪುಸ್ತಕದಲ್ಲಿ ಇನ್ನೊಂದು ಸಂಗತಿಯೂ ಇದೆ: ಒಂದೇ ಸಮನೆ 68 ಸಲ ಓದಿದ್ದರ ಫಲ, ಮೂರು ದಿನಗಳಿಗೆ ಹಂಚಿ ಓದಿದಾಗ 38 ಸಲಕ್ಕೇ ಸಿಕ್ಕಿತು.

1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕರು ಇದಕ್ಕೆ ಹೊಂದುವ ಒಂದು ಪೆಟ್ಟಿಗೆಯನ್ನು ಪರಿಚಯಿಸಿದರು. ಅದರ ಚಿಕ್ಕ ಮಾದರಿಯನ್ನು ನೀವೂ ಮಾಡಬಹುದು. ಹಳೆಯ ಲಗ್ನಪತ್ರಿಕೆಗಳನ್ನು ಇಸ್ಪೀಟು ಎಲೆಯಷ್ಟು ಅಗಲಕ್ಕೆ ಕತ್ತರಿಸಿ. ಒಂದು ಬದಿಗೆ ಏಣಿಯ ಚಿತ್ರ ಬರೆಯಿರಿ. ಹಿಂಬದಿಗೆ 'ಲ್ಯಾಡರ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಆ ಪದವಿರುವ ಒಂದು ಸಣ್ಣ ವಾಕ್ಯ ಸೇರಿಸಿ. ಮನೆಯಲ್ಲಿ ತುಳು, ಲಂಬಾಣಿ, ಉರ್ದು ಆಡುವ ಗೆಳೆಯರಿಗೆ ಕನ್ನಡವೇ ಎರಡನೆಯ ಭಾಷೆ ಅಲ್ಲವೇ? ಅವರು ಅದೇ ಚಿತ್ರದ ಹಿಂದೆ 'ಏಣಿ' ಎಂದು ಬರೆದುಕೊಳ್ಳಲಿ.

ಚಪ್ಪಲಿ ಡಬ್ಬಿಯೊಂದರಲ್ಲಿ ರಟ್ಟು ನಿಲ್ಲಿಸಿ ಮೂರು ಮನೆ ಮಾಡಿ. ಮೊದಲ ಮನೆಯ ಕಾರ್ಡುಗಳನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಕೊನೆಯದನ್ನು ವಾರಕ್ಕೊಮ್ಮೆ ತೆಗೆಯಿರಿ. ಸರಿ ಹೇಳಿದರೆ ಕಾರ್ಡು ಮುಂದಿನ ಮನೆಗೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ಚಿತ್ರ ನೋಡಿ ಪದವನ್ನು ಗಟ್ಟಿಯಾಗಿ ಹೇಳಿದ ಮೇಲೆಯೇ ಕಾರ್ಡು ತಿರುಗಿಸಬೇಕು. ತಿರುಗಿಸಿ ನೋಡಿ "ಓ, ಇದು ನನಗೆ ಗೊತ್ತಿತ್ತು!" ಎಂದರೆ ಲೆಕ್ಕಕ್ಕಿಲ್ಲ. ನೋಡಿದಾಗ ಗುರುತು ಸಿಗುವುದು ಬೇರೆ, ನೋಡದೆ ನೆನಪಿನಿಂದ ಎಳೆದು ತರುವುದು ಬೇರೆ. ಪದ ಗಟ್ಟಿಯಾಗುವುದು ಈ ಎಳೆದಾಟದಿಂದಲೇ. ಒಂದೇ ಪದವನ್ನು ಇಪ್ಪತ್ತು ಸಲ ನಕಲು ಬರೆಯುವಾಗ ಕೈ ಓಡುತ್ತಿರುತ್ತದೆ, ಮನಸ್ಸು ಆಟದ ಬಯಲಿನಲ್ಲಿರುತ್ತದೆ!

'ಲೆಫ್ಟ್', 'ರೈಟ್' ಇಂಥ ಜೋಡಿಗಳನ್ನು ಒಂದೇ ದಿನ ಪೆಟ್ಟಿಗೆಗೆ ಹಾಕಬೇಡಿ, ಯಾವುದು ಎಡ, ಯಾವುದು ಬಲ ಎಂದು ಕಲಸಿಹೋಗುತ್ತದೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಪೆಟ್ಟಿಗೆ ಕೊಡುವುದು ಪದಗಳನ್ನು ಮಾತ್ರ. ಭಾಷೆ ಬರಬೇಕಾದರೆ ಅರ್ಥವಾಗುವಂಥ ಕಥೆಗಳನ್ನು ಕೇಳಬೇಕು, ಓದಬೇಕು, ಗೆಳೆಯರೊಡನೆ ತಪ್ಪೋ ಒಪ್ಪೋ ಆಡಬೇಕು.

ಮಾಡಿ ನೋಡಿ: ಗೊತ್ತಿಲ್ಲದ ಇಪ್ಪತ್ತು ಪದಗಳನ್ನು ಆರಿಸಿ. ಹತ್ತನ್ನು ಒಂದೇ ದಿನ ಅರ್ಧ ಗಂಟೆ ಓದಿ ಬಿಟ್ಟುಬಿಡಿ. ಉಳಿದ ಹತ್ತನ್ನು ಪೆಟ್ಟಿಗೆಗೆ ಹಾಕಿ, ಎರಡು ವಾರಗಳಲ್ಲಿ ಒಟ್ಟು ಅರ್ಧ ಗಂಟೆಯನ್ನೇ ಬಳಸಿ. ಇನ್ನೊಂದು ವಾರ ಎರಡನ್ನೂ ಮುಟ್ಟಬೇಡಿ. ಆಮೇಲೆ ಗೆಳೆಯನೊಬ್ಬ ಪರೀಕ್ಷೆ ಮಾಡಲಿ. ಎರಡೂ ಅಂಕಗಳನ್ನು ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಬರೆದಿಡಿ.