ಒಬ್ಬರೇ ಹಾರಿಸುವ ಮೂರು ವಿಮಾನ

ಏರೋ ಇಂಡಿಯಾದಲ್ಲಿ ಸೂರ್ಯಕಿರಣ್ ತಂಡದ ಒಂಬತ್ತು ಹಾಕ್ ವಿಮಾನಗಳನ್ನು ಕಂಡವರಿಗೆ ಮನೆಯ ಸಿಮ್ಯುಲೇಟರಿನಲ್ಲೂ ಅಂಥದ್ದೊಂದು ಕೈ ನೋಡುವ ಆಸೆ. ಜೊತೆಗಾರರೇ ಬೇಕೆಂದಿಲ್ಲ. ಮೊದಲ ಹಾರಾಟ ರೆಕಾರ್ಡ್ ಮಾಡಿ, ಅದು ಮತ್ತೆ ಓಡುತ್ತಿರುವಾಗಲೇ ಪಕ್ಕದಲ್ಲಿ ಎರಡನೆಯದನ್ನು ಹಾರಿಸಿದರಾಯಿತು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿಗೆ ಸ್ಕೈ ಡಾಲಿ ಎಂಬ ಉಚಿತ ತಂತ್ರಾಂಶವಿದೆ. ಅದರ ಫಾರ್ಮೇಶನ್ ವಿಭಾಗ ಇರುವುದೇ ಇದಕ್ಕೆ.

ಸೆಸ್ನಾ 172 ಸಾಕು. ಜೆಟ್ ಆಮೇಲೆ ನೋಡೋಣ. ನಕ್ಷೆಯಲ್ಲಿ ಹಾಸನದ ಮೇಲೆ, ಆಕಾಶದಲ್ಲೇ ಶುರು ಮಾಡಿ. ಗೊರೂರು ಜಲಾಶಯ ದಾಟಿ ಅರಕಲಗೂಡು, ಹೇಮಾವತಿ ಕಾಣುವ ಹೊಳೆನರಸೀಪುರ, ಚನ್ನರಾಯಪಟ್ಟಣ, ಮರಳಿ ಹಾಸನ: ಸುಮಾರು 100 ಕಿ.ಮೀ. ಎತ್ತರ 4,500 ಅಡಿ ಇರಲಿ. ಅದು ಸಮುದ್ರಮಟ್ಟದ ಲೆಕ್ಕ. ಗೊರೂರಿನ ಗರಿಷ್ಠ ನೀರಿನ ಮಟ್ಟವೇ 2,922 ಅಡಿ ಎಂದು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೀರಿ. ಲೈವ್ ಹವಾಮಾನ ಆಫ್ ಮಾಡಿ, ಗಾಳಿ ಸೊನ್ನೆಗಿಳಿಸಿ. ಇಲ್ಲವಾದರೆ ರೆಕಾರ್ಡ್ ಆದ ವಿಮಾನ ಅಲುಗುವುದಿಲ್ಲ, ಗಾಳಿ ನಿಮ್ಮನ್ನಷ್ಟೇ ತಳ್ಳುತ್ತದೆ.

ಬಹುತೇಕರು ಎಡವುವುದು ಮೊದಲು ರೆಕಾರ್ಡ್ ಮಾಡುವ ಮುಂದಾಳಿನ ಹಾರಾಟದಲ್ಲಿ. ಥ್ರಾಟಲ್ ಪೂರ್ತಿ ಒತ್ತಿ, ಊರು ಬಂದೊಡನೆ ಗಕ್ಕನೆ ತಿರುಗಿಸಿ, ಆಮೇಲೆ ಹಿಂದಿನ ವಿಮಾನ ತಲುಪುವುದೇ ಇಲ್ಲ ಎಂದು ಗೊಣಗುತ್ತಾರೆ. ಲೆಕ್ಕ ನೋಡಿ. ಮುಂದಾಳು 95 ನಾಟ್ ವೇಗದಲ್ಲಿ 15 ಡಿಗ್ರಿ ವಾಲಿ ತಿರುಗಿದರೆ, ತಿರುವಿನ ಹೊರಬದಿಯಲ್ಲಿ 30 ಮೀಟರ್ ದೂರ ಇರುವವನಿಗೆ 98 ನಾಟ್ ಸಾಕು. ಅದೇ 45 ಡಿಗ್ರಿ ವಾಲಿದರೆ 107 ಬೇಕು, ಒಳಬದಿಯವನಂತೂ ಸ್ಟಾಲ್ ಆಗುವ ಕಡೆಗೆ ಜಾರುತ್ತಾನೆ. ನಮ್ಮ ಸುತ್ತಿನಲ್ಲಿ ಮೂರು ತಿರುವೂ ಎಡಕ್ಕೇ, ಹೊರಬದಿಯ ಕಷ್ಟವೆಲ್ಲ ಬಲಗಡೆಯವನದು. ಆದ್ದರಿಂದ ಮುಂದಾಳಿನ ಥ್ರಾಟಲ್ ಒಮ್ಮೆ ಹೊಂದಿಸಿದ ಮೇಲೆ ಮುಟ್ಟಬೇಡಿ, 15 ಡಿಗ್ರಿ ಮೀರಬೇಡಿ. ತಿರುವು ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂದು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿ. ನೋಡಲು ಸಪ್ಪೆ ಎನಿಸಿದ ಹಾರಾಟವೇ ಒಳ್ಳೆಯ ಮುಂದಾಳು.

ಬಳಿಕ ಎಡಗಡೆಯವನು, ಕೊನೆಗೆ ಬಲಗಡೆಯವನು. ಇಬ್ಬರೂ ನೋಡಬೇಕಾದ್ದು ಮುಂದಾಳನ್ನೇ. ಎರಡನೆಯವನ ಮೇಲೆ ಕಣ್ಣಿಟ್ಟರೆ ಅವನ ತೊನೆತ ಮೂರನೆಯವನಲ್ಲಿ ದುಪ್ಪಟ್ಟಾಗುತ್ತದೆ. ಹಿಂದೆ ಬಿದ್ದರೆ ಬೆನ್ನಟ್ಟಬೇಡಿ, ಆ ಸುತ್ತನ್ನು ಅಳಿಸಿ.

ಮೂರೂ ಮುಗಿದ ಮೇಲೆ ಒಟ್ಟಿಗೆ ಓಡಿಸಿ, ಕ್ಯಾಮೆರಾ ಬಲಗಡೆಯ ವಿಮಾನದ ಹೊರಗಿಟ್ಟು ಪರದೆಯನ್ನು ಒಬಿಎಸ್ ತಂತ್ರಾಂಶದಲ್ಲಿ ಸೆರೆಹಿಡಿಯಿರಿ. ಮೂಲ ರೆಕಾರ್ಡಿಂಗ್‌ಗಳ ಪ್ರತಿ ಬೇರೆಡೆ ಇಟ್ಟುಕೊಳ್ಳಿ.